ತಾರೀಖು ಇಲ್ಲದ ಚಳಿಗಾಲ: ಒಬ್ಬ ಫ್ರೆಂಚ್ ಸ್ಕೀ ರೇಸರ್‌ನ ಪ್ರಕರಣ

ಅವಳು ನಮ್ಮ ಕೇಂದ್ರಕ್ಕೆ ಎರಡು ಸಲ ಬಂದಳು. ಎರಡೂ ಸಲ ಎಡ ಮಂಡಿ, ಅದೇ ಲಿಗಮೆಂಟ್. ಮೊದಲ ಸಲ 8 ತಿಂಗಳಿಗೆ ರೇಸಿಗೆ ಮರಳಿದಳು. 10ನೇ ತಿಂಗಳಲ್ಲಿ ಮತ್ತೆ ಹರಿದುಕೊಂಡಳು. ಎರಡನೇ ಸಲ 13 ತಿಂಗಳು ಕಾದಳು. ಆಮೇಲೆ ಆರು ಚಳಿಗಾಲ ರೇಸ್ ಮಾಡಿದಳು. ವ್ಯಾಯಾಮ ಮಾಡಿಸಿದವರು ನಾವೇ. ಹಟವೂ ಅವಳದೇ, ಎರಡೂ ಸಲ ಅಷ್ಟೇ ಇತ್ತು. ಹಾಗಿದ್ದರೆ ಬದಲಾಗಿದ್ದು ಏನು? ಅದನ್ನು ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ನಾನು ಫಿಸಿಯೋಥೆರಪಿಸ್ಟ್. ಕರ್ನಾಟಕದಲ್ಲಿ ಓದಿ, ಫ್ರಾನ್ಸಿನ ಆಲ್ಪ್ಸ್ ಕಡೆಯ ಒಂದು ಪುನಶ್ಚೇತನ ಕೇಂದ್ರದಲ್ಲಿ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿಗೆ ಬರುವವರಲ್ಲಿ ಸ್ಕೀಯರ್‌ಗಳೇ ಜಾಸ್ತಿ. ಈ ಹುಡುಗಿಗೆ ವಿಷಯ ಹೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ವರ್ಷ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ತೀರ್ಮಾನಗಳನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಸಾವ್ವಾ ಪ್ರಾಂತ್ಯದ ತಾರಾಂತೇಸ್ ಕಣಿವೆಯ ಹುಡುಗಿ. ವಾಲ್ ದಿಸೇರ್, ತೀನ್ಯ, ಕೂರ್ಶವೆಲ್ ಎಂಬ ಸ್ಕೀ ಊರುಗಳೆಲ್ಲ ಇರುವುದು ಆ ಕಡೆಯೇ. ಅಪ್ಪ ಸ್ಕೀ ಲಿಫ್ಟ್‌ಗಳ ರಿಪೇರಿ ನೋಡಿಕೊಳ್ಳುವವರು. ಅಮ್ಮ ಚಳಿಗಾಲದಲ್ಲಿ ಸ್ಕೀ ಬಾಡಿಗೆ ಅಂಗಡಿಯಲ್ಲಿ, ಬೇಸಿಗೆಯಲ್ಲಿ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದರು. ಸ್ಕೀ ಊರುಗಳಲ್ಲಿ ರಜೆಗೆ ಬರುವವರ ಹಣ ಕಾಣುತ್ತದೆ. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಮನೆಗಳು ಹೀಗೆ ಋತುವಿಗೊಂದು ಕೆಲಸ ಹಿಡಿದು ಬದುಕುತ್ತವೆ. ಈ ಪ್ರಕರಣಕ್ಕೆ ಆ ಮಾತು ಮುಖ್ಯ, ಆಮೇಲೆ ಗೊತ್ತಾಗುತ್ತದೆ.

ಅಲ್ಲಿನ ಮಕ್ಕಳು ಮೂರ್ನಾಲ್ಕು ವರ್ಷಕ್ಕೇ ಸ್ಕೀ ಶಾಲೆ ಸೇರುತ್ತಾರೆ. ಹಿಮದ ಹರಳಿನ ಪದಕ, ಆಮೇಲೆ ಒಂದು ನಕ್ಷತ್ರ, ಎರಡು ನಕ್ಷತ್ರ, ಹೀಗೆ ಮೇಲೆ ಹೋಗುತ್ತದೆ. ಅವಳು ಅವನ್ನೆಲ್ಲ ಬೇಗ ಮುಗಿಸಿ ಊರಿನ ಕ್ಲಬ್ ಸೇರಿದಳು. ಓದು ಮತ್ತು ಸ್ಕೀ ಎರಡೂ ಇರುವ ಪ್ರೌಢಶಾಲೆಯಲ್ಲಿ, ಮೂರು ವರ್ಷದ ಪಾಠವನ್ನು ನಾಲ್ಕು ವರ್ಷಕ್ಕೆ ಹಂಚಿ ಓದಿದಳು. ಚಳಿಗಾಲ ಪೂರ್ತಿ ರೇಸಿಗೆ ಬಿಡುವು ಸಿಗಲಿ ಎಂದು ಆ ವ್ಯವಸ್ಥೆ. 18ಕ್ಕೆ ಫ್ರೆಂಚ್ ಸ್ಕೀ ಫೆಡರೇಷನ್‌ನ ಕಿರಿಯರ ಗುಂಪಿಗೆ, 19ಕ್ಕೆ ವಿಶ್ವಕಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಯುರೋಪಾ ಕಪ್ ಗುಂಪಿಗೆ ಬಂದಳು. 20ಕ್ಕೆ ವಿಶ್ವಕಪ್‌ನಲ್ಲಿ ಅವಕಾಶ ಸಿಕ್ಕಿತು. ಒಂದು ಜೈಂಟ್ ಸ್ಲಾಲಮ್‌ನಲ್ಲಿ, ಅಂದರೆ ಹಿಮದಲ್ಲಿ ನೆಟ್ಟ ಗೇಟುಗಳೆಂಬ ಕಂಬಗಳ ನಡುವೆ ತಿರುಗುತ್ತಾ ಎರಡು ಓಟ ಇಳಿಯುವ ರೇಸಿನಲ್ಲಿ, 27ನೆಯವಳಾದಳು. ಮೊದಲ 30 ಜನಕ್ಕೆ ಮಾತ್ರ ಅಂಕ. ಗೆದ್ದವರಿಗೆ 100, 27ನೆಯವರಿಗೆ 4. ಆ 4 ಅಂಕದ ಸಂತೋಷವನ್ನು ಅವಳು ಹೇಳುವಾಗ ಕೇಳಬೇಕಿತ್ತು!

ಇಲ್ಲಿ ಸ್ವಲ್ಪ ನಿಂತು ಈ ಆಟದ ಲೆಕ್ಕ ಹೇಳಬೇಕು. ಗೊತ್ತಿಲ್ಲದಿದ್ದರೆ ಅವಳು ಯಾಕೆ ಅವಸರ ಮಾಡಿದಳು ಅನ್ನುವುದು ಅರ್ಥವಾಗುವುದಿಲ್ಲ.

ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಪ್ರತಿ ರೇಸರ್‌ಗೂ ಪಾಯಿಂಟ್ಸ್ ಇಡುತ್ತದೆ. ಇದು ವಿಶ್ವಕಪ್ ಅಂಕದ ಹಾಗಲ್ಲ, ಉಲ್ಟಾ. ಕಡಿಮೆ ಇದ್ದಷ್ಟೂ ಒಳ್ಳೆಯದು. ಜಗತ್ತಿನ ಅತಿ ಉತ್ತಮರಿಗೆ ಸೊನ್ನೆ. ಒಂದು ವರ್ಷದ ಎರಡು ಅತ್ಯುತ್ತಮ ರೇಸುಗಳ ಸರಾಸರಿ ತೆಗೆಯುತ್ತಾರೆ. ನೀವು ಎಷ್ಟನೆಯವರಾಗಿ ಹೊರಡುತ್ತೀರಿ ಅನ್ನುವುದು ಇಂಥ ಪಟ್ಟಿಗಳ ಮೇಲೆಯೇ ನಿಂತಿದೆ. ಮೊದಲು ಹೊರಟವರಿಗೆ ನುಣುಪಾದ, ಗಟ್ಟಿ ಹಿಮ ಸಿಗುತ್ತದೆ. 50ನೆಯವರು ಹೊರಡುವ ಹೊತ್ತಿಗೆ ಪ್ರತಿ ಗೇಟಿನ ಪಕ್ಕ ಗುಂಡಿ ಬಿದ್ದಿರುತ್ತದೆ, ಮಳೆಗಾಲದ ಮಣ್ಣು ರಸ್ತೆಯಲ್ಲಿ ಲಾರಿ ಹೋದ ಹಾಗೆ. ಆ ಗುಂಡಿಗಳಲ್ಲಿ ಹಾರುತ್ತಾ ಬಂದು, ಮೊದಲ 30ರೊಳಗೆ ಸೇರಿದರೆ ಮಾತ್ರ ಎರಡನೇ ಓಟ ಸಿಗುತ್ತದೆ. ಇಲ್ಲದಿದ್ದರೆ ಸ್ಕೀ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋಗುವುದೇ.

ಅಂದರೆ ಪಾಯಿಂಟ್ಸ್ ಹಾಳಾದರೆ ನಂಬರ್ ಹಿಂದೆ ಹೋಗುತ್ತದೆ. ನಂಬರ್ ಹಿಂದೆ ಹೋದರೆ ಟ್ರ್ಯಾಕ್ ಕೆಟ್ಟಿರುತ್ತದೆ. ಕೆಟ್ಟ ಟ್ರ್ಯಾಕಿನಲ್ಲಿ ಒಳ್ಳೆಯ ಪಾಯಿಂಟ್ಸ್ ಬರುವುದು ಕಷ್ಟ. 20 ವರ್ಷದವರು ಇದನ್ನೇ ಯೋಚಿಸಿ ನಿದ್ದೆಗೆಡುತ್ತಾರೆ.

ಮೊದಲ ಸಲ

ಫೆಬ್ರವರಿ ನಡುವೆ, ಜೈಂಟ್ ಸ್ಲಾಲಮ್‌ಗಿಂತ ವೇಗದ ಸೂಪರ್-ಜಿ ರೇಸಿನ ತರಬೇತಿ. ವಿಡಿಯೋ ನನ್ನ ಬಳಿ ಇತ್ತು, ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಲಕ್ಕೆ ಹೊರಳುವ ತಿರುವು. ಹೊರಗಿನ ಎಡ ಸ್ಕೀ ಹಿಮದ ಹಿಡಿತ ತಪ್ಪುತ್ತದೆ. ಅವಳು ಕಾಲು ಚಾಚಿ ಹಿಮ ಹುಡುಕುತ್ತಾಳೆ. ಸ್ಕೀಯ ಒಳ ಅಂಚು ಥಟ್ಟನೆ ಹಿಮವನ್ನು ಕಚ್ಚುತ್ತದೆ. ಸ್ಕೀ ಒಳಕ್ಕೆ ತಿರುಗುತ್ತದೆ, ಮಂಡಿಯೂ ಒಳಕ್ಕೆ ಬಾಗುತ್ತದೆ. ನೋಡುವವರಿಗೆ ಅವಳು ಬಿದ್ದು ಕಾಲು ಮುರಿದುಕೊಂಡಳು ಅನಿಸುತ್ತದೆ. ನಿಜವಾಗಿ ಬೀಳುವ ಮೊದಲೇ ಲಿಗಮೆಂಟ್ ಹರಿದಿರುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಚ್ಚಿಕೊಳ್ಳುವಷ್ಟು ಹೊತ್ತೂ ಇರುವುದಿಲ್ಲ. ವಿಶ್ವಕಪ್ ರೇಸುಗಳ ವಿಡಿಯೋ ಬಿಡಿಸಿ ನೋಡಿದವರು ಇದಕ್ಕೆ ಸ್ಲಿಪ್-ಕ್ಯಾಚ್ ಎಂದು ಹೆಸರಿಟ್ಟಿದ್ದಾರೆ. ಜಾರಿದ ಸ್ಕೀ ಮತ್ತೆ ಕಚ್ಚಿಕೊಳ್ಳುವುದು ಅಂತ.

ಹೀಗೆ ಹರಿದ ಲಿಗಮೆಂಟಿನ ಹೆಸರು ಎಸಿಎಲ್. ಅಂದರೆ ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆಯ ನಡುವೆ, ಮಂಡಿಯ ಒಳಗೆ ಓರೆಯಾಗಿ ಕಟ್ಟಿದ ಹಗ್ಗದಂಥದ್ದು. ಸ್ಕೀ ರೇಸಿಂಗ್‌ನಲ್ಲಿ ಇದು ಅಪರೂಪದ ಗಾಯ ಅಲ್ಲವೇ ಅಲ್ಲ. 1980ರಿಂದ 2005ರವರೆಗೆ ಫ್ರೆಂಚ್ ರಾಷ್ಟ್ರೀಯ ತಂಡದಲ್ಲಿದ್ದ ಸುಮಾರು 380 ಸ್ಕೀಯರ್‌ಗಳ ದಾಖಲೆ ನೋಡಿದ ಅಧ್ಯಯನವೊಂದಿದೆ. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಮ್ಮೆಯಾದರೂ ಎಸಿಎಲ್ ಹರಿದಿತ್ತು. ಹೆಣ್ಣು ಗಂಡು ಎಂಬ ಭೇದ ಇರಲಿಲ್ಲ. ಒಮ್ಮೆ ಹರಿದವರಲ್ಲಿ ಎಷ್ಟೋ ಜನಕ್ಕೆ ಅದೇ ಮಂಡಿಯಲ್ಲೋ ಇನ್ನೊಂದರಲ್ಲೋ ಮತ್ತೆ ಆಗಿತ್ತು. ತಂಡದ ಎಲ್ಲರಿಗೂ ಈ ವಿಷಯ ಗೊತ್ತು. ಆದರೆ ತನಗೇ ಆದಾಗ ಯಾರೂ ಅಂಕಿಸಂಖ್ಯೆ ನೆನಪಿಸಿಕೊಳ್ಳುವುದಿಲ್ಲ.

ಲಿಯಾನ್‌ನಲ್ಲಿ ಆಪರೇಷನ್ ಆಯಿತು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಮಾಡಿದರು. ಕೆಲಸ ಚೆನ್ನಾಗಿಯೇ ಆಗಿತ್ತು. ಎರಡು ವಾರಕ್ಕೆ ನಮ್ಮ ಕೇಂದ್ರಕ್ಕೆ ಬಂದಳು. ಕೋಣೆಯ ಗೋಡೆಗೆ ಮೊದಲು ಅಂಟಿಸಿದ್ದು ಫ್ರೆಂಚ್ ರೇಸರ್ ತೆಸ್ಸಾ ವರ್ಲಿಯ ಫೋಟೋ. ವರ್ಲಿ 2013ರ ಫೆಬ್ರವರಿಯಲ್ಲಿ ಶ್ಲಾಡ್ಮಿಂಗ್‌ನಲ್ಲಿ ಜೈಂಟ್ ಸ್ಲಾಲಮ್ ವಿಶ್ವ ಚಾಂಪಿಯನ್ ಆದವರು. ಅದೇ ಡಿಸೆಂಬರ್‌ನಲ್ಲಿ ಕೂರ್ಶವೆಲ್‌ನಲ್ಲಿ ಅವರ ಮಂಡಿಯ ಲಿಗಮೆಂಟ್ ಹರಿಯಿತು. 2017ರಲ್ಲಿ ಸೇಂಟ್ ಮೋರಿಟ್ಜ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್. ನಮ್ಮ ಹುಡುಗಿಗೆ ಅದರಲ್ಲಿ ಕಂಡಿದ್ದು ಗೆದ್ದರು, ಬಿದ್ದರು, ಗೆದ್ದರು ಅನ್ನುವುದಷ್ಟೇ. ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲ ಇದೆ ಅನ್ನುವುದನ್ನು ನಾವೂ ಎತ್ತಿ ಹೇಳಲಿಲ್ಲ. ಹುರುಪು ಕೊಡುವ ಫೋಟೋ, ಇರಲಿ ಬಿಡು ಎಂದುಕೊಂಡೆವು.

ಫೋಟೋದ ಪಕ್ಕ ಒಂದು ಕ್ಯಾಲೆಂಡರ್. ಅಕ್ಟೋಬರ್ ಕೊನೆಯ ಶನಿವಾರದ ಸುತ್ತ ಕೆಂಪು ಸುತ್ತು. ವಿಶ್ವಕಪ್ ಶುರುವಾಗುವುದು ಆಸ್ಟ್ರಿಯಾದ ಸೋಲ್ಡನ್‌ನಲ್ಲಿ, ಹಿಮನದಿಯ ಮೇಲೆ, ಜೈಂಟ್ ಸ್ಲಾಲಮ್‌ನಿಂದ. ಅಲ್ಲಿಗೆ ಸರಿಯಾಗಿ 8 ತಿಂಗಳು.

ಆ ತಾರೀಖು ಎಲ್ಲಿಂದ ಬಂತು? ಡಾಕ್ಟರ್ ಕೊಟ್ಟಿದ್ದಲ್ಲ. ಮಂಡಿ ಕೊಟ್ಟಿದ್ದೂ ಅಲ್ಲ. ಅದು ಬಂದಿದ್ದು ದುಡ್ಡಿನಿಂದ. ನನಗೆ ಇದು ತುಂಬ ತಡವಾಗಿ ಗೊತ್ತಾಯಿತು.

ಆಗ ಅವಳಿಗೆ ಸಂಬಳ ಎಂಬುದು ಇರಲಿಲ್ಲ. ಸ್ಕೀ ಕಂಪನಿ ಸಾಮಾನು ಕೊಡುತ್ತಿತ್ತು, ಹಣ ಫಲಿತಾಂಶ ಬಂದರೆ ಮಾತ್ರ. ಹೆಲ್ಮೆಟ್ ಮೇಲೆ ಊರಿನ ಒಂದು ಸಣ್ಣ ಅಂಗಡಿಯ ಹೆಸರು. ಕೆಳಗಿನ ಗುಂಪಿನಲ್ಲಿ ಇರುವವರು ತರಬೇತಿ ಖರ್ಚಿನಲ್ಲಿ ಪಾಲು ಕೊಡಬೇಕು. ಅದನ್ನು ಅಪ್ಪ ಅಮ್ಮ ಕೊಡುತ್ತಿದ್ದರು. ಅವಳಿಗೊಬ್ಬ ತಮ್ಮ, ಅವನೂ ಕ್ಲಬ್ಬಿನಲ್ಲಿ. ಇನ್ನೊಂದು ಚಳಿಗಾಲ ಫಲಿತಾಂಶ ಇಲ್ಲದೆ ಕೂತರೆ ವಸಂತದಲ್ಲಿ ತಂಡದ ಪಟ್ಟಿ ಮಾಡುವಾಗ ತನ್ನ ಹೆಸರು ಹೋಗುತ್ತದೆ, ತಮ್ಮನ ಪಾಲಿನ ದುಡ್ಡೂ ಹೋಗುತ್ತದೆ ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಫ್ರಾನ್ಸಿನಲ್ಲಿ ಇದಕ್ಕೊಂದು ದಾರಿ ಇದೆ. ಒಳ್ಳೆಯ ರೇಸರ್‌ಗಳನ್ನು ಅಲ್ಲಿನ ಕಸ್ಟಮ್ಸ್ ಇಲಾಖೆ ನೌಕರಿಗೆ ತೆಗೆದುಕೊಳ್ಳುತ್ತದೆ. ಸಂಬಳ ಬರುತ್ತದೆ, ರೇಸಿಗೆ ಬಿಡುವು ಇರುತ್ತದೆ, ಆಟ ಮುಗಿದ ಮೇಲೆ ಇಲಾಖೆಯಲ್ಲೇ ಮುಂದುವರಿಯಬಹುದು. ಅಲೆಕ್ಸಿ ಪಿಂತುರೋ ಅಂಥ ದೊಡ್ಡ ಹೆಸರೂ ಕಸ್ಟಮ್ಸ್ ತಂಡದ್ದೇ. ಸೇನೆಗೂ ಇಂಥ ತಂಡ ಇದೆ, ಶಮೊನಿಯ ಪರ್ವತ ಸೇನಾ ಶಾಲೆಗೆ ಸೇರಿದ್ದು. ಅವಳ ಅಮ್ಮ ಹಿಂದಿನ ವರ್ಷವೇ ಕಸ್ಟಮ್ಸ್ ಅರ್ಜಿಯ ಕಾಗದ ತಂದು ಕೊಟ್ಟಿದ್ದರು. ಅವಳು ತುಂಬಿಸಲಿಲ್ಲ. “ಅದೆಲ್ಲ ರಿಟೈರ್ ಆಗೋವಾಗ ಯೋಚಿಸೋ ವಿಷಯ ಅಮ್ಮಾ” ಎಂದಿದ್ದಳಂತೆ. 19 ವರ್ಷದವಳಿಗೆ ಹಾಗನ್ನಿಸುವುದು ತಪ್ಪೇನಲ್ಲ. ಆದರೆ ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ತೀರ್ಮಾನ ಯಾವುದು ಎಂದು ಕೇಳಿದರೆ, ತುಂಬಿಸದೆ ಬಿಟ್ಟ ಆ ಕಾಗದವನ್ನೇ ತೋರಿಸುತ್ತೇನೆ.

ಇನ್ನೊಂದು ತಿಳುವಳಿಕೆಯ ಕೊರತೆಯೂ ಇತ್ತು. ಗಾಯವಾದ ರೇಸರ್ ವೈದ್ಯರ ಪತ್ರ ಕೊಟ್ಟು ಅರ್ಜಿ ಹಾಕಿಕೊಂಡರೆ ಅಂತರರಾಷ್ಟ್ರೀಯ ಫೆಡರೇಷನ್ ಪಾಯಿಂಟ್ಸ್ ಅನ್ನು ಸಣ್ಣ ದಂಡ ಹಾಕಿ ಉಳಿಸಿಕೊಡುತ್ತದೆ. ಅವಳ ಮನೆಯವರು ಒಂದು ವರ್ಷ ಕಳೆದರೆ ಎಲ್ಲ ಸೊನ್ನೆಯಿಂದ ಶುರು ಎಂದೇ ನಂಬಿದ್ದರು. ಮೂರು ಸಾಲಿನ ವಿಷಯ. ಕೂರಿಸಿಕೊಂಡು ಹೇಳುವವರು ಯಾರೂ ಇರಲಿಲ್ಲ. ಕೋಚ್ ಹೇಳಿರುತ್ತಾರೆ ಎಂದು ನಾನು, ಕೇಂದ್ರದವರು ಹೇಳಿರುತ್ತಾರೆ ಎಂದು ಕೋಚ್.

ಆಗಸ್ಟ್ ಕೊನೆಗೆ ಪರೀಕ್ಷೆ ಮಾಡಿದೆವು. ತೊಡೆಯ ಮುಂದಿನ ಸ್ನಾಯುವಿನ ಬಲ ಆರೋಗ್ಯವಾಗಿರುವ ಕಾಲಿಗೆ ಹೋಲಿಸಿದರೆ 78 ಶೇಕಡಾ. ಕಡಿಮೆಯೆಂದರೂ 90 ಇರಬೇಕು. ವರದಿಯಲ್ಲಿ 78 ಎಂದು ಬರೆದೆ. ಕೆಳಗೆ ‘ಬಲ ಹೆಚ್ಚಿಸುವುದನ್ನು ಮುಂದುವರಿಸಬೇಕು’ ಎಂದು ಬರೆದೆ. ‘ಗೇಟುಗಳ ನಡುವೆ ಹೋಗಬಾರದು’ ಎಂದು ಬರೆಯಲಿಲ್ಲ. ಅವಳ ಮುಖ ನೋಡಿ ಬರೆಯಲಾಗಲಿಲ್ಲ. ಈ ತಪ್ಪು ನನ್ನದು.

ಸೆಪ್ಟೆಂಬರ್‌ನಲ್ಲಿ ತಂಡ ಅರ್ಜೆಂಟೀನಾದ ಉಶುವಾಯಾಕ್ಕೆ ಹೊರಟಿತು. ಯುರೋಪಿನಲ್ಲಿ ಬೇಸಿಗೆ, ಅಲ್ಲಿ ಚಳಿಗಾಲ. ಅವಳೂ ಹೋದಳು. ಮೊದಲ ವಾರ ಗೇಟಿಲ್ಲದೆ ಸುಮ್ನೆ ಸ್ಕೀ ಮಾಡುವುದೆಂದು ಮಾತಾಗಿತ್ತು. ಮೂರನೇ ದಿನಕ್ಕೇ ಪೂರ್ತಿ ಗೇಟು. ಅಕ್ಟೋಬರ್‌ನಲ್ಲಿ ಸೋಲ್ಡನ್‌ನಲ್ಲಿ 58ನೇ ನಂಬರ್ ಕಟ್ಟಿಕೊಂಡು ಓಡಿದಳು. ಎರಡನೇ ಓಟ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಒಂದು ಯುರೋಪಾ ಕಪ್ ಜೈಂಟ್ ಸ್ಲಾಲಮ್. ಅದೇ ಎಡಗಾಲು, ಅದೇ ರೀತಿ ಜಾರಿ ಕಚ್ಚಿಕೊಂಡಿತು. ಹೊಸ ಲಿಗಮೆಂಟ್ ಹರಿಯಿತು, ಜೊತೆಗೆ ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್ಸೂ ಸೀಳಿತು.

ಬಲ ಸಾಲದೆ ಇದ್ದಿದ್ದೇ ಕಾರಣ ಎಂದು ಖಚಿತವಾಗಿ ಹೇಳುವುದಕ್ಕೆ ಆಗುವುದಿಲ್ಲ. ಪೂರ್ತಿ ಬಲ ಇದ್ದವರಿಗೂ ಹರಿಯುತ್ತದೆ. ಆದರೆ 9 ತಿಂಗಳಿಗೆ ಮೊದಲು ಇಂಥ ಆಟಗಳಿಗೆ ಮರಳಿದವರಲ್ಲಿ ಮರುಗಾಯ ಹೆಚ್ಚು, ತೊಡೆಯ ಬಲ ಎರಡೂ ಕಡೆ ಸಮವಾದವರಲ್ಲಿ ಕಡಿಮೆ ಎಂದು ಗೊತ್ತಿದೆ. ಅವಳ ವಿಷಯದಲ್ಲಿ ಎರಡನ್ನೂ ಮೀರಿದ್ದೆವು.

ಎರಡನೇ ಸಲ

ಜನವರಿಯಲ್ಲಿ ಎರಡನೇ ಆಪರೇಷನ್. ಈ ಸಲ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಕಟ್ಟಿದರು. ಮಂಡಿ ತಿರುಚದಂತೆ ಹೊರಬದಿಯಲ್ಲೂ ಒಂದು ಆಧಾರ ಕೊಟ್ಟರು. ಕೇಂದ್ರಕ್ಕೆ ಬಂದವಳು ಮೂರು ವಾರ ಹೆಚ್ಚೇನೂ ಮಾತಾಡಲಿಲ್ಲ. ಗೋಡೆಗೆ ಫೋಟೋ ಹಾಕಲಿಲ್ಲ.

ಏಪ್ರಿಲ್‌ನಲ್ಲಿ ತಂಡದ ಪಟ್ಟಿ ಬಂತು. ಹೆಸರಿರಲಿಲ್ಲ. ಭಯಪಟ್ಟಿದ್ದು ನಡೆದೇಹೋಯಿತು. ನಾನು ಆ ದಿನ ಅವಳು ಸ್ಕೀ ಬಿಡುತ್ತಾಳೆ ಎಂದುಕೊಂಡಿದ್ದೆ. ಬಿಡಲಿಲ್ಲ. ಬದಲಿಗೆ ಹಗುರಾದಂತೆ ಕಂಡಳು. “ಇನ್ನು ಕಳ್ಕೊಳ್ಳೋಕೆ ಏನೂ ಇಲ್ವಲ್ಲ” ಎಂದಳು. ಸಾವ್ವಾ ಪ್ರಾಂತ್ಯದ ಸಮಿತಿಯ ಒಬ್ಬ ಹಿರಿಯ ಕೋಚ್ ನೋಡಲು ಬಂದರು. ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದವರು. ಅವರು ಮಂಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. “ಕಸ್ಟಮ್ಸ್‌ನಲ್ಲಿ ಒಂದು ಜಾಗ ಖಾಲಿ ಆಗ್ತಿದೆ. ಆ ಕಾಗದ ಎಲ್ಲಿ?” ಎಂದು ಕೇಳಿದರು. ಅವಳ ಅಮ್ಮ ಹ್ಯಾಂಡ್‌ಬ್ಯಾಗಿನಿಂದ ತೆಗೆದುಕೊಟ್ಟರು. ಎರಡು ವರ್ಷದಿಂದ ಇಟ್ಟುಕೊಂಡಿದ್ದರು.

ಮೂಲೆಯಲ್ಲಿ ಊರುಗೋಲು ಒರಗಿಸಿ, ಅಲ್ಲೇ ಮೇಜಿನ ಮೇಲೆ ತುಂಬಿಸಿದಳು. ಬೇಸಿಗೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ವಾರ ನನ್ನ ಬಳಿ ಬಂದು ಮೊದಲ ಸಲದ ಕಥೆಯನ್ನೆಲ್ಲ ಹೇಳಿದಳು. ತಮ್ಮನ ಪಾಲು, ಅಪ್ಪನ ಸಾಲ, ಸೋಲ್ಡನ್ ತಾರೀಖು. ಅಲ್ಲಿಯವರೆಗೆ ನಾವು ಒಂದು ವರ್ಷಕ್ಕೂ ಮೇಲ್ಪಟ್ಟು ಅವಳ ಮಂಡಿಯ ಕೋನವನ್ನು ಡಿಗ್ರಿ ಲೆಕ್ಕದಲ್ಲಿ ಅಳೆದಿದ್ದೆವು. ಅವಳ ಮನೆಯ ಖರ್ಚು ಹೇಗೆ ನಡೆಯುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆಗ ನಾವು ಹೊಸ ಯೋಜನೆ ಮಾಡಿದೆವು. ಅದರಲ್ಲಿ ತಾರೀಖೇ ಇರಲಿಲ್ಲ. ಹಂತಗಳಿದ್ದವು. ಒಂದು ಹಂತ ದಾಟಿದರೆ ಮಾತ್ರ ಮುಂದಿನದು. ಕ್ಯಾಲೆಂಡರ್ ಬೇಡ ಎಂದು ಅವಳೇ ಹೇಳಿದಳು.

ಅಳತೆಯಲ್ಲೂ ಒಂದು ದೊಡ್ಡ ತಪ್ಪು ತಿದ್ದಿಕೊಂಡೆವು. ನಾವೆಲ್ಲ ಗಾಯದ ಕಾಲನ್ನು ಇನ್ನೊಂದು ಕಾಲಿಗೆ ಹೋಲಿಸುತ್ತೇವೆ, ಅಲ್ವಾ? ಆದರೆ ತಿಂಗಳುಗಟ್ಟಲೆ ಸ್ಕೀ ಮಾಡದೆ ಇದ್ದಾಗ ಆ ಇನ್ನೊಂದು ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ 90 ಶೇಕಡಾ ಅಂದರೆ ರೇಸಿಗೆ ಬೇಕಾದ ಬಲ ಅಲ್ಲ. ಅದೃಷ್ಟಕ್ಕೆ 19ನೇ ವಯಸ್ಸಿನಲ್ಲಿ, ಯಾವ ಗಾಯವೂ ಇಲ್ಲದಾಗ, ತಂಡದವರು ಮಾಡಿಸಿದ್ದ ಬಲಪರೀಕ್ಷೆಯ ಕಾಗದ ಅವಳ ಅಮ್ಮನ ಬಳಿಯೇ ಇತ್ತು. ಆ ಅಂಕಿಗಳನ್ನೇ ಗುರಿ ಮಾಡಿಕೊಂಡೆವು. ಆಗ ನೋಡಿದರೆ ಮೊದಲ ಸಲ ನಾನು 78 ಎಂದು ಬರೆದದ್ದು ನಿಜಕ್ಕೆ ಇನ್ನೂ ಕಡಿಮೆ ಇತ್ತು.

ಅಕ್ಟೋಬರ್ ಕೊನೆಗೆ, 9 ತಿಂಗಳು ದಾಟಿದ ಮೇಲೆ, ತೀನ್ಯದ ಹಿಮನದಿಯಲ್ಲಿ ಮೊದಲ ಸಲ ಹಿಮಕ್ಕಿಳಿದಳು. ಗೇಟಿಲ್ಲ. ರೇಸ್ ಸ್ಕೀಯೂ ಇಲ್ಲ. ರೇಸಿನ ಜೈಂಟ್ ಸ್ಲಾಲಮ್ ಸ್ಕೀ ಹೆಂಗಸರಿಗೆ ಕನಿಷ್ಠ 30 ಮೀಟರ್ ತ್ರಿಜ್ಯದ್ದು, ಅಂದರೆ ತಾನಾಗಿ ದೊಡ್ಡ ಸುತ್ತಿನಲ್ಲೇ ತಿರುಗುವಂಥದ್ದು. ಅದನ್ನು ತಿರುಗಿಸಬೇಕಾದರೆ ಮಂಡಿಯ ಮೇಲೆ ಸಿಕ್ಕಾಪಟ್ಟೆ ಭಾರ ಬೀಳುತ್ತದೆ. ಪ್ರವಾಸಿಗರು ಹಾಕುವಂಥ, ಸುಲಭವಾಗಿ ತಿರುಗುವ ಸ್ಕೀ ಕೊಟ್ಟೆವು. ದಿನಕ್ಕೆ ಎರಡು ಗಂಟೆ. ಮಾರನೇ ದಿನ ಮಂಡಿ ಊದಿಕೊಂಡರೆ ರಜೆ.

ಆ ವಾರಗಳಲ್ಲಿ ಅವಳ ಕೋಚ್ ಒಂದು ಕೆಲಸ ಮಾಡಿಸಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಎಲ್ಲರೂ ಕಲಿಯಬೇಕಾದದ್ದು ಅದೇ. ಬಿಟ್ಟುಕೊಡುವ ಅಭ್ಯಾಸ. ಸ್ಲಿಪ್-ಕ್ಯಾಚ್ ಆಗುವುದು ಜಾರಿದ ಸ್ಕೀಯನ್ನು ಉಳಿಸಿಕೊಳ್ಳಲು ಹೋದಾಗ. ರೇಸರ್‌ಗೆ ಚಿಕ್ಕಂದಿನಿಂದ ಕಲಿಸುವುದೇ ಅದನ್ನು. ಏನೇ ಆದರೂ ಗೇಟಿನೊಳಗೆ ಇರು, ಉಳಿಸಿಕೋ. ಉಳಿಸಿಕೊಂಡರೆ ಚಪ್ಪಾಳೆ. ಈಗ ಕೋಚ್ ಬೇಕೆಂದೇ ತಿರುವಿನ ನಡುವೆ ‘ಬಿಡು’ ಎಂದು ಕೂಗುತ್ತಿದ್ದರು. ಕೂಗಿದ ಕೂಡಲೇ ಅವಳು ಹೊರಗಿನ ಕಾಲಿನಿಂದ ಹಿಮ ಹುಡುಕದೆ, ಸೊಂಟ ಕೆಳಗಿಳಿಸಿ, ಪಕ್ಕಕ್ಕೆ ಜಾರಿ ಹೋಗಬೇಕು. ಮೊದಲ ದಿನಗಳಲ್ಲಿ ಅವಳ ಮೈ ಒಪ್ಪುತ್ತಲೇ ಇರಲಿಲ್ಲ. 15 ವರ್ಷದ ಅಭ್ಯಾಸದ ವಿರುದ್ಧ ಹೋಗುವುದು ಅಂದರೆ ಸುಲಭವಾ? ನೂರಾರು ಸಲ ಮಾಡಿದ ಮೇಲೆ ನಿಧಾನಕ್ಕೆ ಬಂತು.

ಡಿಸೆಂಬರ್‌ನ ಫೋನು

ಡಿಸೆಂಬರ್ ಎರಡನೇ ವಾರ. ಅವಳು ವ್ಯಾಯಾಮದ ಕೋಣೆಯಲ್ಲಿದ್ದಳು, ನಾನೂ ಇದ್ದೆ. ಯುರೋಪಾ ಕಪ್ ಗುಂಪಿನ ಕೋಚ್ ಫೋನ್ ಮಾಡಿದರು. ಇಬ್ಬರಿಗೆ ಜ್ವರ, ಒಂದು ಜೈಂಟ್ ಸ್ಲಾಲಮ್‌ನಲ್ಲಿ ಜಾಗ ಖಾಲಿ ಇದೆ, ಬರ್ತೀಯಾ ಎಂದರು. ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಇಂಥ ಕರೆ ಸುಮ್ಮನೆ ಬರುವುದಿಲ್ಲ. ಅಲ್ಲಿ ಚೆನ್ನಾಗಿ ಓಡಿದರೆ ತಂಡಕ್ಕೆ ವಾಪಸ್ ಹೋಗುವ ಬಾಗಿಲು. ಆ ವಾರದ ಪರೀಕ್ಷೆಯಲ್ಲಿ ಅವಳ ತೊಡೆ ಹಳೆಯ ಅಂಕಿಯ 88 ಶೇಕಡಾ ಮುಟ್ಟಿತ್ತು. 88 ಅಂದರೆ 90ಕ್ಕೆ ಇನ್ನೇನು ಹತ್ತಿರ. ಯಾರಿಗಾದರೂ ಆಸೆ ಹುಟ್ಟುತ್ತದೆ. ನಿಜ ಹೇಳಬೇಕೆಂದರೆ ನನಗೂ ಹುಟ್ಟಿತು.

ಅವಳು ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ಈ ಸಲ ನಾನು ಬಾಯಿ ಬಿಟ್ಟೆ. “ನನ್ನ ಪ್ರಕಾರ ಬೇಡ. ಹೋದರೆ ನಿನ್ನ ತೀರ್ಮಾನ. ಆದರೆ ಬೇಡ ಅಂತ ನಾನು ಹೇಳಿದ್ದೆ ಅಂತ ಕಾಗದದಲ್ಲೂ ಬರೀತೀನಿ” ಎಂದೆ. ಅವಳು ಫೋನಿಗೆ ಹೇಳಿದ್ದು ಇಷ್ಟೇ: “ಥ್ಯಾಂಕ್ಸ್ ಸರ್. ಈ ಸಲ ಬರಲ್ಲ. ಫೆಬ್ರವರಿಯಲ್ಲಿ ಕೇಳ್ತೀರಾ?”

ಆಮೇಲೆ ಅವಳು ಅತ್ತಳು. ಅರ್ಧ ಗಂಟೆ. ನಾನು ಪಕ್ಕದಲ್ಲಿ ಕೂತಿದ್ದೆ.

ಸಂಬಳ ಇಲ್ಲದೆ ಇದ್ದಿದ್ದರೆ ಬೇಡ ಅನ್ನಲು ಆಗುತ್ತಿತ್ತಾ ಎಂದು ವರ್ಷಗಳಾದ ಮೇಲೆ ಅವಳನ್ನೇ ಕೇಳಿದೆ. ಆಗುತ್ತಿರಲಿಲ್ಲ ಎಂದಳು, ಒಂದು ಕ್ಷಣವೂ ಯೋಚಿಸದೆ.

ಮುಂದೆ ನಡೆದದ್ದು

ಫೆಬ್ರವರಿಯಲ್ಲಿ, 13 ತಿಂಗಳಿಗೆ, ಒಂದು ಸಣ್ಣ ಸ್ಕೀ ಊರಿನಲ್ಲಿ ಕೆಳಹಂತದ ಅಂತರರಾಷ್ಟ್ರೀಯ ರೇಸ್. 16-17 ವರ್ಷದ ಹುಡುಗಿಯರ ನಡುವೆ ನಿಂತಳು. ಮೊದಲ ಓಟದಲ್ಲೇ ಅರ್ಧ ದಾರಿಯಲ್ಲಿ ಹೊರಗಿನ ಸ್ಕೀ ಜಾರಿತು. ನನ್ನ ಉಸಿರು ನಿಂತಿತು. ಅವಳು ಸೊಂಟ ಇಳಿಸಿ, ಪಕ್ಕಕ್ಕೆ ಜಾರಿ, ಗೇಟಿನಿಂದ ಹೊರಗೆ ಹೋಗಿ ಬಲೆಯ ಹತ್ತಿರ ನಿಂತಳು. ಫಲಿತಾಂಶದ ಹಾಳೆಯಲ್ಲಿ ‘ಮುಗಿಸಲಿಲ್ಲ’. ಕೆಳಗೆ ಬಂದು ಕೋಚ್‌ನ ಅಪ್ಪಿಕೊಂಡಳು. ಗೆದ್ದವರು ಅಷ್ಟು ಖುಷಿಪಟ್ಟಿದ್ದನ್ನು ನಾನು ಅಲ್ಲಿ ನೋಡಲಿಲ್ಲ.

ಆ ವಸಂತದಲ್ಲಿ ಇನ್ನೊಂದು ತೀರ್ಮಾನ. ಸೂಪರ್-ಜಿ, ಅದಕ್ಕಿಂತಲೂ ವೇಗದ ಡೌನ್‌ಹಿಲ್ ಎರಡನ್ನೂ ಬಿಟ್ಟು ಬರೀ ಜೈಂಟ್ ಸ್ಲಾಲಮ್. ಇದರ ಬಗ್ಗೆ ಜಗಳವೇ ಆಯಿತು. ಎಲ್ಲ ಬಗೆಯ ರೇಸ್ ಮಾಡುವವರಿಗೆ ತಂಡದಲ್ಲಿ ಬೆಲೆ ಹೆಚ್ಚು, ಅದನ್ನು ಬಿಡಬೇಡ ಎಂದು ಕೆಲವು ಕೋಚ್‌ಗಳು ಹೇಳಿದರು. ಮಂಡಿಗೆ ಜೈಂಟ್ ಸ್ಲಾಲಮ್ ಸುರಕ್ಷಿತ ಎಂದು ಅವಳ ಅಪ್ಪ ವಾದಿಸಿದರು. ಅದು ಪೂರ್ತಿ ನಿಜ ಅಲ್ಲ. ಗಂಡಸರ ವಿಶ್ವಕಪ್ ರೇಸುಗಳನ್ನು ಅಳೆದು ನೋಡಿದಾಗ, ಒಂದು ಓಟಕ್ಕೆ ಡೌನ್‌ಹಿಲ್‌ನಲ್ಲೇ ಗಾಯ ಹೆಚ್ಚು, ಆದರೆ ಸ್ಕೀ ಮೇಲೆ ಕಳೆದ ಹೊತ್ತಿನ ಲೆಕ್ಕದಲ್ಲಿ ನೋಡಿದರೆ ಈ ವಿಭಾಗಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅವಳ ಕಾರಣ ಬೇರೆಯೇ ಇತ್ತು. ಅವಳ ಮಂಡಿ ವಾರಕ್ಕೆ ನಾಲ್ಕು ದಿನ ಹಿಮ ತಡೆಯುತ್ತಿತ್ತು, ಐದನೆಯ ದಿನ ಊದುತ್ತಿತ್ತು. ಇರುವ ನಾಲ್ಕು ದಿನವನ್ನು ಮೂರು ಕಡೆ ಹಂಚಿದರೆ ಎಲ್ಲೂ ಮೊದಲ 30ರೊಳಗೆ ಬರಲು ಆಗುವುದಿಲ್ಲ ಎಂಬ ಸರಳ ಲೆಕ್ಕ. ಆ ಲೆಕ್ಕ ನನಗೆ ಸರಿ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಹತ್ತಿ ಬರಲು ಎರಡು ಚಳಿಗಾಲ ಬೇಕಾಯಿತು. ತಂಡದ ಹೊರಗೆ, ಪ್ರಾಂತ್ಯದ ಸಮಿತಿಯ ವ್ಯಾನಿನಲ್ಲಿ, ತನ್ನ ಸ್ಕೀಗೆ ತಾನೇ ಮೇಣ ಹಚ್ಚಿಕೊಂಡು ಓಡಾಡಿದಳು. ವಿಶ್ವಕಪ್‌ನವರಿಗೆ ಸ್ಕೀ ನೋಡಿಕೊಳ್ಳಲು ಸ್ಕೀಮ್ಯಾನ್ ಇರುತ್ತಾರೆ. ಇವಳಿಗೆ ಅಪ್ಪ ಇದ್ದರು, ಲಿಫ್ಟ್ ಕೆಲಸ ಮುಗಿಸಿ ರಾತ್ರಿ ಬಂದು ಅಂಚು ಮಸೆದುಕೊಡುತ್ತಿದ್ದರು. 40ರ ಮೇಲಿನ ನಂಬರ್‌ಗಳಲ್ಲಿ ಗುಂಡಿ ಬಿದ್ದ ಟ್ರ್ಯಾಕಿನಲ್ಲಿ ಓಡಿ, ಪಾಯಿಂಟ್ಸ್ ಸ್ವಲ್ಪಸ್ವಲ್ಪವೇ ಇಳಿಸಿಕೊಂಡಳು. ಯುರೋಪಾ ಕಪ್ ಗುಂಪಿಗೆ ವಾಪಸ್ ಕರೆದರು. ಆಮೇಲೆ ವಿಶ್ವಕಪ್. ಅಲ್ಲಿ ಅವಳ ಅತ್ಯುತ್ತಮ ಸ್ಥಾನ 12. ಅದಕ್ಕೆ 22 ಅಂಕ. ವೇದಿಕೆ ಹತ್ತಲಿಲ್ಲ, ಪದಕ ಇಲ್ಲ. ಎರಡು ಚಳಿಗಾಲ ಜಗತ್ತಿನ ಮೊದಲ 30 ಜೈಂಟ್ ಸ್ಲಾಲಮ್ ರೇಸರ್‌ಗಳಲ್ಲಿ ಒಬ್ಬಳಾಗಿದ್ದಳು. 28ಕ್ಕೆ, ಮಾರ್ಚ್‌ನಲ್ಲಿ, ತನ್ನ ಕಾಲ ಮೇಲೆ ನಿಂತುಕೊಂಡೇ ನಿವೃತ್ತಿ ಹೇಳಿದಳು. ಎಡ ಮಂಡಿ ಮೂರನೇ ಸಲ ಹರಿಯಲಿಲ್ಲ. ಬೆಳಗ್ಗೆ ಮೆಟ್ಟಿಲಿಳಿಯುವಾಗ ನೋಯುತ್ತದೆ, ಅದು ಇದ್ದೇ ಇರುತ್ತದೆ.

ನಮ್ಮ ಕೇಂದ್ರದಲ್ಲಿ ಈ ಪ್ರಕರಣದ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತು ಮಾತಾಡಿದೆವು. ಅಂದಿನಿಂದ ಕೆಲವು ಬದಲಾದವು. ರೇಸರ್ ಬಂದ ಮೊದಲ ವಾರವೇ ಮನೆಯವರು, ಕೋಚ್, ಫಿಸಿಯೋ ಒಟ್ಟಿಗೆ ಕೂರುತ್ತೇವೆ. ಪಾಯಿಂಟ್ಸ್ ಉಳಿಸಿಕೊಳ್ಳುವ ಅರ್ಜಿ ಹಾಕಿದ್ದಾರಾ ಎಂದು ಅಲ್ಲೇ ಕೇಳುತ್ತೇವೆ. ಬರುವ ಚಳಿಗಾಲದ ಖರ್ಚು ಎಲ್ಲಿಂದ ಎಂದೂ ಕೇಳುತ್ತೇವೆ. ಕೆಲವರಿಗೆ ಇದು ಮುಜುಗರ, ಡಾಕ್ಟರ್ ಕಡೆಯವರು ದುಡ್ಡಿನ ವಿಷಯ ಯಾಕೆ ಕೇಳುತ್ತಾರೆ ಅನ್ನುತ್ತಾರೆ. ಆದರೂ ಕೇಳುತ್ತೇವೆ. ಗಾಯವಿಲ್ಲದ ಕಾಲದ ಅಳತೆ ಇದ್ದರೆ ತರಿಸಿಕೊಳ್ಳುತ್ತೇವೆ. ವರದಿಯ ಕೊನೆಯಲ್ಲಿ ‘ಮುಂದುವರಿಸಬೇಕು’ ಎಂದು ಬರೆದು ಬಿಡುವುದಿಲ್ಲ. ಹೋಗಬಹುದು ಅಥವಾ ಹೋಗಬಾರದು, ಎರಡರಲ್ಲಿ ಒಂದು ಬರೆದು ಸಹಿ ಹಾಕುತ್ತೇವೆ.

ಅವಳು ಈಗ ಕಸ್ಟಮ್ಸ್‌ನಲ್ಲೇ ಕೆಲಸ ಮಾಡುತ್ತಿದ್ದಾಳೆ. ರಜೆಯ ದಿನ ಊರಿನ ಕ್ಲಬ್ಬಿನ ಮಕ್ಕಳಿಗೆ ಕಲಿಸುತ್ತಾಳೆ. ಹೋದ ಸಲ ನಾನು ಹೋದಾಗ ಕ್ಲಬ್ಬಿನ 17 ವರ್ಷದ ಹುಡುಗಿಯೊಬ್ಬಳು ಊರುಗೋಲು ಹಿಡಿದು ಬಂದಿದ್ದಳು. ಬಲ ಮಂಡಿ, ಅದೇ ಲಿಗಮೆಂಟ್. “ನಾನು ಯಾವಾಗ ರೇಸ್ ಮಾಡ್ಬಹುದು ಅಕ್ಕಾ?” ಎಂದು ಕೇಳಿದಳು. ಇವಳು ಕುರ್ಚಿ ಎಳೆದು ಕೂರಿಸಿ, “ಈ ವರ್ಷ ನಿನ್ನ ಖರ್ಚು ಯಾರು ನೋಡ್ಕೋತಿದ್ದಾರೆ ಹೇಳು” ಎಂದಳು. ಹುಡುಗಿ ಬೆರಳು ಮಡಚಿ ಲೆಕ್ಕ ಹೇಳತೊಡಗಿದಳು. ಅಮ್ಮ ಇಷ್ಟು, ಕ್ಲಬ್ ಇಷ್ಟು, ಉಳಿದದ್ದು ಗೊತ್ತಿಲ್ಲ. ಇಬ್ಬರೂ ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತರು. ನಾನು ಕಾಫಿ ಮಾಡಲು ಎದ್ದೆ.